ಅಣ್ಣನ ಮೂರನೆಯ ಪುಸ್ತಕದ ಹಸಿರು ಮೂಲೆ

ಈ ಬಟ್ಟೆಯ ತುಂಡು ನನ್ನ ಅಂಗೈಗಿಂತ ಚಿಕ್ಕದು. ತ್ರಿಕೋನವಾಗಿ ಮಡಚಿದ ಹಸಿರು ನೈಲಾನು. ಸೋಪು ಹಾಕಿ ಮೂರು ಸಲ ತೊಳೆದರೂ ಮಡಿಕೆಯ ಒಳಗೆ ಕೆಂಪು ಮಣ್ಣು ಉಳಿದಿದೆ. ಒಣಗಿದ ಮೇಲೆ ಮೂಗಿನ ಹತ್ತಿರ ಹಿಡಿದು ನೋಡಿದೆ. ಮಣ್ಣಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ನನ್ನ ಮೂಗು ತಾನಾಗಿಯೇ ಇನ್ನೊಂದು ವಾಸನೆಯನ್ನು ಹುಡುಕಿ ತಂದಿತು... ಮೈದಾ ಅಂಟಿನದು. ಮೈದಾ ಹಿಟ್ಟನ್ನು ನೀರಿನಲ್ಲಿ ಕುದಿಸಿ, ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತು ಹಾಕಿ ಅಣ್ಣ ಕಲಸುತ್ತಿದ್ದ ಅಂಟು. ಅವನ ಅಂಗಿಗೆ, ಕೈಗೆ, ಅವನು ಊಟ ಮಾಡಿದ ತಟ್ಟೆಗೆ ಕೂಡ ಆ ಹುಳಿ ವಾಸನೆ ಇರುತ್ತಿತ್ತು.

ಅಣ್ಣನ ಚಿಕ್ಕ ಪುಸ್ತಕವನ್ನು ಎರಡನೆಯ ಸಲ ಅಚ್ಚು ಹಾಕಿಸುತ್ತಿದ್ದೇವೆ ಎಂದು ಪ್ರೊಫೆಸರರು ಮೊನ್ನೆ ಹೇಳಿದರು. ಮೊದಲ ಸಲ ಅದನ್ನು ಹೊರಗೆ ತಂದವರೂ ಅವರೇ. "ಈ ಸಲ ತಂಗಿಯ ಎರಡು ಮಾತು ಇರಲಿ" ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು ಎಂದೆ. "ಎರಡು ಮಾತಿಗೆ ನಾಲ್ಕು ಕ್ಲಾಸು ಧಾರಾಳ ಆಯ್ತಲ್ಲ" ಎಂದು ನಕ್ಕರು. ಅಣ್ಣ ಎಷ್ಟು ಒಳ್ಳೆಯವನಿದ್ದ ಎಂದು ನಾನು ಬರೆಯುತ್ತೇನೆ ಎಂದು ಅವರ ಎಣಿಕೆ ಇರಬೇಕು. ನಾನು ಬರೆಯುವುದು ಅವರಿಗೆ ಗೊತ್ತಿಲ್ಲದ ವಿಷಯ. ನಮ್ಮ ಹಾಸ್ಟೆಲಿನ ಒಬ್ಬ ಹುಡುಗಿ ಕಾಗುಣಿತ ನೋಡಿ ಕೊಟ್ಟಿದ್ದಾಳೆ. ಉಳಿದದ್ದು ನನ್ನದೇ. ಓದಿದ ಮೇಲೆ ಅಚ್ಚು ಹಾಕುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.

ನಾವು ಸಿದ್ದಿಗಳು. ಯಲ್ಲಾಪುರದ ಆಚೆ ಕಾಡಿನ ಕಡೆಯವರು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗೋವಾಕ್ಕೆ ತಂದು ಮಾರಿದ್ದರಂತೆ. ಅಲ್ಲಿಂದ ತಪ್ಪಿಸಿಕೊಂಡು ಬಂದವರು ಕಾಡು ಸೇರಿದರಂತೆ. ಮೈಬಣ್ಣ, ಕೂದಲು ಆ ಕಡೆಯದು. ಉಳಿದದ್ದೆಲ್ಲ ಈ ಕಡೆಯದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಭಾನುವಾರ ಇಗರ್ಜಿ. ಅಪ್ಪ ತೀರಿಕೊಂಡ ವರ್ಷ ಅವ್ವ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಶಾಲೆಗೆ ಕಳಿಸುವೆ ಎಂದಳು. ಅಣ್ಣ ಹೋದ. ನಾನು ಉಳಿದೆ. ಅದನ್ನು ದೂರು ಎಂದು ಹೇಳುತ್ತಿಲ್ಲ. ನನಗೆ ಲೆಕ್ಕ ಹತ್ತುತ್ತಿರಲಿಲ್ಲ, ಶಾಲೆ ತಪ್ಪಿದ್ದಕ್ಕೆ ಒಳಗಿಂದೊಳಗೆ ಖುಷಿಯೇ ಆಗಿತ್ತು. ನನ್ನ ಸ್ಲೇಟನ್ನು ಅಣ್ಣ ತೆಗೆದುಕೊಂಡು ಹೋದ.

ಅವನು ಪಿಯುಸಿ ಮುಗಿಸಿ ಮಂಗಳೂರಿಗೆ ಬಂದ. ಬಂದರಿನ ಓಣಿಯೊಂದರಲ್ಲಿ ಬೈಂಡಿಂಗ್ ಅಂಗಡಿ ಇತ್ತು. ಕಾಲೇಜುಗಳ ಲೈಬ್ರರಿಯಿಂದ ಹರಿದ ಪುಸ್ತಕಗಳು ಮೂಟೆ ಕಟ್ಟಿ ಅಲ್ಲಿಗೆ ಬರುತ್ತಿದ್ದವು. ಅಣ್ಣ ಅವುಗಳ ಹಾಳೆ ಬಿಚ್ಚಿ, ಮತ್ತೆ ಹೊಲಿದು, ಹೊಸ ರಟ್ಟು ಹಾಕಿ ಕಳಿಸುತ್ತಿದ್ದ. ಅವ್ವ ತೀರಿದ ಮೇಲೆ ನನ್ನನ್ನೂ ಕರೆಸಿಕೊಂಡ. ಕೊಡಿಯಾಲ್‌ಬೈಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನನಗೆ ಆಯಾ ಕೆಲಸ ಸಿಕ್ಕಿತು. ಹಸಿರು ನೈಲಾನು ಸೀರೆ ನಮ್ಮ ಯೂನಿಫಾರಂ. ಕೊಟ್ಟಾರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಇಬ್ಬರೂ ಇದ್ದೆವು.

ನಾನು ಬಂದ ದಿನ ಪಂಪ್‌ವೆಲ್‌ನಲ್ಲಿ ಬಸ್ಸಿಳಿದೆ. ಅಣ್ಣ ಕಾಯುತ್ತಿದ್ದ. ಒಬ್ಬ ರಿಕ್ಷಾದವ ನಮ್ಮಿಬ್ಬರನ್ನೂ ನೋಡಿ ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದ.

"ಯಲ್ಲಾಪುರ" ಎಂದ ಅಣ್ಣ.

"ಎಂತ ಮಾರಾಯ, ಕನ್ನಡ ಬರ್ತದಾ ನಿಮಗೆ!" ಎಂದು ಆ ರಿಕ್ಷಾದವ ಇನ್ನಿಬ್ಬರನ್ನು ಕರೆದ. "ನೋಡಿ, ಇವರು ಎಷ್ಟು ಚಂದ ಕನ್ನಡ ಮಾತಾಡ್ತಾರೆ!" ಅವನದು ಕೆಟ್ಟ ಮನಸ್ಸಲ್ಲ. ಬಾಡಿಗೆಯಲ್ಲಿ ಹತ್ತು ರೂಪಾಯಿ ಬಿಟ್ಟ ಕೂಡ. ಅಣ್ಣನೂ ಅವರ ಜೊತೆ ನಕ್ಕ. ಆದರೆ ಕೋಣೆಗೆ ಬಂದವನೇ ಅಂಗಡಿಯ ಉಳಿಕೆ ಹಾಳೆಗಳನ್ನು ಜೋಡಿಸಿ, ಸೂಜಿಯಲ್ಲಿ ಹೊಲಿದು, ಕೆಂಪು ರೆಕ್ಸಿನ್ ರಟ್ಟು ಹಾಕಿ ಒಂದು ನೋಟ್‌ಬುಕ್ ಮಾಡಿದ. ಅವನು ಹೊಲಿಯುವಾಗ ನನಗೆ ಅವ್ವನ ಕೈ ಕಂಡಿತು. ನಮ್ಮ ಹೆಂಗಸರು ಹಳೇ ಬಟ್ಟೆಯ ಮೇಲೆ ಹಳೇ ಬಟ್ಟೆ ಇಟ್ಟು ಕೌದಿ ಹೊಲಿಯುತ್ತಾರೆ. ಹರಿದ ತುಂಡನ್ನು ಕಿತ್ತು ಬಿಸಾಡುವುದಿಲ್ಲ, ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಹೊಲಿಯುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯ ತ್ರಿಕೋನ ಮಡಚಿ ಇಡುತ್ತಾರೆ. ಅದಕ್ಕೆ ಹೂವು ಎಂದೇ ಹೆಸರು. ಹೂವಿಲ್ಲದ ಕೌದಿ ಬೆತ್ತಲೆ ಎಂದು ಅವ್ವ ಹೇಳುತ್ತಿದ್ದಳು.

ಆ ಕೆಂಪು ಪುಸ್ತಕದ ಮೊದಲ ಸಾಲನ್ನು ಅಣ್ಣ ನನಗೆ ಓದಿ ಹೇಳಿದ. ನಮ್ಮನ್ನು ನೋಡಿ ಯಾರೂ ಬೆರಗಾಗದ ದಿನವೇ ನಮಗೆ ಬಿಡುಗಡೆ, ಅಂತ. ಆಗ ಅವನ ವಿಚಾರ ಅಷ್ಟೇ ಇತ್ತು. ಎದ್ದು ಕಾಣಬಾರದು. ಕೂದಲನ್ನು ಬುಡಕ್ಕೆ ಕತ್ತರಿಸಿ ಎಣ್ಣೆ ಹಚ್ಚುತ್ತಿದ್ದ. ಇಸ್ತ್ರಿ ಇಲ್ಲದ ಅಂಗಿ ಹಾಕುತ್ತಿರಲಿಲ್ಲ. ನಮ್ಮ ಮಕ್ಕಳು ಡಮಾಮಿ ಬಿಡಬೇಕು, ಶಾಲೆ ಹಿಡಿಯಬೇಕು ಎಂದು ಬರೆದ. ಡಮಾಮಿ ಅಂದರೆ ಹಬ್ಬದಲ್ಲಿ ನಾವು ಬಾರಿಸಿ ಕುಣಿಯುವ ಡೋಲು. ಪಾತ್ರೆ ತೊಳೆಯುವಾಗ ನಾನು ಆ ಹಾಡನ್ನು ಗುನುಗಿದರೆ, "ಪಕ್ಕದ ಕೋಣೆಗೆ ಕೇಳ್ತದೆ" ಎನ್ನುತ್ತಿದ್ದ. ಆ ದಿನಗಳಲ್ಲೇ ಪ್ರೊಫೆಸರರ ಪರಿಚಯ ಆಯಿತು. ಅವನು ಸಣ್ಣಪುಟ್ಟ ಸಭೆಗಳಲ್ಲಿ ಮಾತಾಡತೊಡಗಿದ. ಎಲ್ಲರಿಗೂ ಅವನ ಮಾತು ಹಿಡಿಸುತ್ತಿತ್ತು. ಯಾರಿಗೂ ನೋವಾಗದ ಮಾತು ಅದು, ಹಿಡಿಸದೆ ಏನು?

ಮತ್ತೆ ಒಂದು ಮಳೆಗಾಲ ಅಂಗಡಿಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂತು. ಬೇರೆ ಬೇರೆ ದೇಶಗಳ ಕಪ್ಪು ಜನ ತಮ್ಮ ಬಗ್ಗೆ ತಾವೇ ಬರೆದದ್ದಂತೆ. ಅಣ್ಣ ಅದರ ಹಾಳೆ ಬಿಚ್ಚಿದವನು ಮತ್ತೆ ಹೊಲಿಯಲೇ ಇಲ್ಲ. ಡಿಕ್ಷನರಿ ಇಟ್ಟುಕೊಂಡು ದಿನಕ್ಕೆ ನಾಲ್ಕು ಹಾಳೆ ಓದುತ್ತಿದ್ದ. ಲೈಬ್ರರಿಯಿಂದ ಎರಡು ಸಲ ಫೋನ್ ಬಂತಂತೆ. ಅಂಗಡಿಯ ಧಣಿ, "ನಿನಗೆ ಸಂಬಳ ಹೊಲಿಲಿಕ್ಕೆ ಕೊಡುದಾ, ಓದ್ಲಿಕ್ಕೆ ಕೊಡುದಾ ಮಾರಾಯ? ಹೀಗೆ ಆದ್ರೆ ಇನ್ನು ಆ ಲೈಬ್ರರಿಯವರು ನಿನ್ನನ್ನೇ ಕಪಾಟಿನಲ್ಲಿ ಇಟ್ಟುಕೊಳ್ಳಲಿ" ಎಂದರಂತೆ. ಅದನ್ನು ಅಣ್ಣನೇ ಹೇಳಿ ನಕ್ಕಿದ್ದ.

ಆ ಪುಸ್ತಕ ವಾಪಸು ಹೋಗುವಾಗ ಅಣ್ಣ ಬೇರೆ ಮನುಷ್ಯ ಆಗಿದ್ದ. ಕೂದಲು ಬಿಟ್ಟ. ಎಣ್ಣೆ ಬಿಟ್ಟ. ಕಪ್ಪು ಬಟ್ಟೆಯ ರಟ್ಟು ಹಾಕಿ ಎರಡನೆಯ ನೋಟ್‌ಬುಕ್ ಹೊಲಿದ. ನಾವು ಕಾಣಬಾರದು ಎಂದು ಯಾಕೆ ಹೇಳಿದೆ, ಕಾಣಬೇಕು, ನೋಡಿದವರ ಕಣ್ಣು ಕೆಳಗಾಗಬೇಕು, ನಮ್ಮ ತಾಯಿ ಕಡಲಾಚೆ ಇದ್ದಾಳೆ ಎಂದು ಬರೆದ. ನನ್ನ ಜೊತೆ ಕೊಂಕಣಿ ಮಾತಾಡುವುದನ್ನೂ ನಿಲ್ಲಿಸಿದ. ಅದು ನಮ್ಮನ್ನು ಕೊಂಡವರ ಭಾಷೆಯಂತೆ. ಮನೆಯೊಳಗೆ ಕನ್ನಡ ಶುರು ಮಾಡಿದ.

"ಹಾಗಾದರೆ ಕನ್ನಡ ಯಾರ ಅಪ್ಪನ ಭಾಷೆ ಅಣ್ಣ, ನಮ್ಮದಾ?" ಎಂದು ಕೇಳಿದೆ.

"ನೀನು ಅನ್ನ ಬಡಿಸು" ಎಂದ.

ಆ ವರ್ಷವೇ ನಡೆದದ್ದು ಇದು. ಒಂದು ಸಭೆಯಲ್ಲಿ ಅಣ್ಣ ಕಪ್ಪು ಪುಸ್ತಕದಿಂದ ಓದುವುದಿತ್ತು. ಮಧ್ಯಾಹ್ನ ಊಟ ಮಾಡದೆ ಹೋಗಿದ್ದ. ನಾನು ಕೆಲಸ ಮುಗಿಸಿ ಯೂನಿಫಾರಂ ಸೀರೆಯಲ್ಲೇ, ಊಟದ ಡಬ್ಬಿ ಹಿಡಿದು ಹೋದೆ. ಒಳಗೆ ಮೂವತ್ತು ನಲವತ್ತು ಜನ. ಹಿಂದೆ ಬಾಗಿಲ ಹತ್ತಿರ ನಿಂತೆ. ಅಣ್ಣ ತಲೆ ತಗ್ಗಿಸಿ ಓದುತ್ತಿದ್ದ. ನನ್ನ ತಂಗಿ ಹಾಸ್ಟೆಲಿನ ಆಯಾ, ಅವಳ ಬೆನ್ನು ಬಗ್ಗಿಯೇ ಹುಟ್ಟಿದ ಹಾಗಿದೆ, ಈಗ ನಮ್ಮವರಿಗೆ ಸರಪಳಿ ಹಾಕಬೇಕಾಗಿಲ್ಲ, ಹಸಿರು ಸೀರೆ ಉಡಿಸಿದರೆ ಸಾಕು... ಹೀಗೆ ಇತ್ತು. ಯಾರೋ ಒಬ್ಬರು ಹಿಂದೆ ತಿರುಗಿದರು. ಆಮೇಲೆ ಎಲ್ಲರೂ ತಿರುಗಿದರು. ಒಬ್ಬರು ಎದ್ದು, "ಬನ್ನಿ ಅಕ್ಕ, ಕೂತ್ಕೊಳ್ಳಿ" ಎಂದು ಕುರ್ಚಿ ಬಿಟ್ಟುಕೊಟ್ಟರು. ಅವರು ಕುರ್ಚಿ ಬಿಡದೆ ಇದ್ದಿದ್ದರೆ ಒಳ್ಳೆಯದಿತ್ತು.

ನಾನು ಡಬ್ಬಿಯನ್ನು ಆ ಕುರ್ಚಿಯ ಮೇಲೆ ಇಟ್ಟು ಬಂದೆ.

ಸಂಜೆ ಅಣ್ಣ ಬಂದ. ಡಬ್ಬಿ ತೊಳೆದು ತಂದಿದ್ದ. ಅಲ್ಲಿಯವರೆಗೆ ಒಂದು ದಿನವೂ ಅವನು ಡಬ್ಬಿ ತೊಳೆದವನಲ್ಲ. ಅದನ್ನು ಆಗ ನಾನು ಗಮನಿಸಿದೆ, ಆದರೆ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ದಿನದಿಂದ ಅವನು ಏನು ಬರೆಯುತ್ತಿದ್ದಾನೆ ಎಂದು ನಾನು ಕೇಳಲೂ ಇಲ್ಲ. ನನ್ನ ಮಟ್ಟಿಗೆ ಅವನು ಆ ಕಪ್ಪು ಪುಸ್ತಕದ ಆ ಪುಟದಲ್ಲಿಯೇ ನಿಂತುಬಿಟ್ಟ.

ಆದರೆ ಅವನು ನಿಂತಿರಲಿಲ್ಲ. ಒಂದು ವರ್ಷ ಆದ ಮೇಲೆ, "ನಿನ್ನ ಹಳೇ ಯೂನಿಫಾರಂ ಸೀರೆ ಒಂದು ಕೊಡು" ಎಂದು ಕೇಳಿದ.

"ಎಂತಕ್ಕೆ?"

"ರಟ್ಟಿಗೆ. ಹೊಸ ಪುಸ್ತಕ ಹೊಲಿತೇನೆ."

"ನನ್ನ ಸರಪಳಿಯಲ್ಲಿ ನಿನ್ನ ಪುಸ್ತಕ ಕಟ್ತೀಯಾ?" ಎಂದೆ.

ಅವನ ಮುಖ ಸಣ್ಣದಾಯಿತು. "ಹೌದು" ಎಂದ, ಅಷ್ಟೇ. ನಾನು ಸೀರೆಯನ್ನು ಅವನ ಕಡೆ ಎಸೆದೆ. ನನ್ನ ಅವಮಾನವನ್ನು ಇನ್ನು ರಟ್ಟಿನ ಮೇಲೆಯೇ ಅಂಟಿಸಿ ಊರಿಗೆಲ್ಲ ತೋರಿಸುತ್ತಾನೆ ಎಂದುಕೊಂಡೆ. ಅವನು ಇಡೀ ಭಾನುವಾರ ಕೂತು ಹೊಲಿದ. ಬೈಂಡಿಂಗ್‌ನವರು ರಟ್ಟಿನ ಮೂಲೆ ಸವೆಯದ ಹಾಗೆ ಬಟ್ಟೆಯ ತುಂಡು ಅಂಟಿಸುವ ಕ್ರಮ ಉಂಟು. ಅಣ್ಣ ನಾಲ್ಕು ಮೂಲೆಗೂ ಅವ್ವನ ಹೂವಿನ ಹಾಗೆ ಹಸಿರು ತ್ರಿಕೋನ ಮಡಚಿ ಇಟ್ಟ. ನನಗೆ ತೋರಿಸಬೇಕು ಎಂದು ಎತ್ತಿ ಹಿಡಿದ. ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಅದೇ ದಿನಗಳಲ್ಲಿ ನನಗೆ ಪ್ರಶ್ನೆ ಕೇಳತೊಡಗಿದ. ಎಷ್ಟು ಗಂಟೆಗೆ ಏಳ್ತೀಯಾ, ನೀವು ಆಯಾಗಳು ಎಷ್ಟು ಜನ, ಯಾವಾಗ ಊಟ ಮಾಡ್ತೀರಿ, ಕೂತ್ಕೊಳ್ಳಲಿಕ್ಕೆ ಎಂತ ಉಂಟು ನಿಮಗೆ? ಕೊಂಕಣಿಯಲ್ಲಿಯೇ ಕೇಳುತ್ತಿದ್ದ. ಯಾವಾಗ ಕೊಂಕಣಿಗೆ ವಾಪಸು ಬಂದ ಎಂದು ನಾನು ಗಮನಿಸಿಯೂ ಇರಲಿಲ್ಲ. ಬಾಯಿಗೆ ಬಂದ ಉತ್ತರ ಕೊಟ್ಟೆ. ಕೂತ್ಕೊಳ್ಳಲಿಕ್ಕೆ ಕುರ್ಚಿ ಉಂಟು ಎಂದೆ. ಅವನು ಹಸಿರು ಪುಸ್ತಕದಲ್ಲಿ ಬರೆದುಕೊಂಡ. ಇದು ಹೇಗೋ ವಾರ್ಡನ್ ಮೇಡಮ್ಮನ ಕಿವಿಗೆ ಹೋಯಿತು. "ನಿನ್ನ ಅಣ್ಣ ನಮ್ಮ ಬಗ್ಗೆ ಎಂತದೋ ಬರೀತಾನಂತಲ್ಲ?" ಎಂದು ನಗುತ್ತಲೇ ಕೇಳಿದರು. "ಇಲ್ಲ ಮೇಡಂ, ಅವನಿಗೆ ಸ್ವಲ್ಪ ತಲೆ ಸರಿ ಇಲ್ಲ" ಎಂದೆ.

ಹಾಗೆ ಹೇಳಿದ್ದನ್ನು ಯಾರ ಹತ್ತಿರವೂ ಇಲ್ಲಿಯವರೆಗೆ ಹೇಳಿಲ್ಲ.

ಮಳೆಗಾಲದ ಕೊನೆಗೆ ಅವನಿಗೆ ಜ್ವರ ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಏಳನೆಯ ದಿನ ಮಧ್ಯಾಹ್ನ ನನ್ನ ಕೈ ಹಿಡಿದು, "ಪುಸ್ತಕ ಪ್ರೊಫೆಸರರಿಗೆ ಕೊಡು. ಮೂರೂ ಒಟ್ಟಿಗೆ ಕೊಡು, ತಂಗಿ. ಬೇರೆ ಬೇರೆ ಮಾಡಬೇಡ" ಎಂದ. ನಾನು ಆಯಿತು ಎಂದೆ. ಎರಡು ದಿನದ ಮೇಲೆ ಅವನು ಹೋದ.

ಹೆಣವನ್ನು ಕೋಣೆಗೆ ತರುವ ಮೊದಲು ಸ್ವಲ್ಪ ಹೊತ್ತು ನಾನು ಒಬ್ಬಳೇ ಇದ್ದೆ. ಮೂರು ಪುಸ್ತಕಗಳೂ ಅವನ ಹಾಸಿಗೆಯ ತಲೆಯ ಕಡೆ ಇದ್ದವು. ಕಪ್ಪು ಪುಸ್ತಕದ ಆ ಪುಟ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ತೆಗೆದೆ, ಬೆರಳಿಟ್ಟು ಓದಿದೆ. ಅದು ಅಚ್ಚಾದರೆ... ನಾನು ಸತ್ತ ಮೇಲೂ ಬಗ್ಗಿದ ಬೆನ್ನಿನವಳೇ. ಹಸಿರು ಪುಸ್ತಕದಲ್ಲಿ ಹಾಸ್ಟೆಲಿನ ವಿಷಯ ಇತ್ತು, ಅಚ್ಚಾದರೆ ಕೆಲಸ ಹೋಗುತ್ತದೆ. ಅದರೊಳಗೆ ನನ್ನ ಬಗ್ಗೆ ಇನ್ನೂ ಎಂತೆಂತಹ ಮಾತು ಉಂಟೋ ಎಂದು ಹೆದರಿ ಅದನ್ನು ತೆರೆಯಲೇ ಇಲ್ಲ. ಅವ್ವ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಕಪ್ಪು ಪುಸ್ತಕ, ಹಸಿರು ಪುಸ್ತಕ ಎರಡನ್ನೂ ಒಳಗಿಟ್ಟೆ. ಹೆಣದ ಪೆಟ್ಟಿಗೆಯಲ್ಲಿ ಅವನ ತಲೆಯ ಅಡಿಗೆ ಅದನ್ನೇ ಇಟ್ಟೆ.

"ಅವ್ವನ ಕೌದಿಯನ್ನೇ ತಲೆದಿಂಬು ಮಾಡಿದ್ದಾಳೆ, ನೋಡಿ! ತಂಗಿ ಅಂದ್ರೆ ಹೀಗಿರಬೇಕು" ಎಂದು ಪಕ್ಕದ ಕೋಣೆಯ ಹೆಂಗಸು ಎಲ್ಲರಿಗೂ ಕೇಳುವ ಹಾಗೆ ಹೇಳಿ ಅತ್ತಳು. ನಾನೂ ಅತ್ತೆ. ಆ ಅಳು ಸುಳ್ಳಾಗಿರಲಿಲ್ಲ. ಅದೇ ನನಗೆ ಈಗಲೂ ಅರ್ಥವಾಗದ ಸಂಗತಿ.

ಮಣ್ಣಾದ ಮೇಲೆ ಪ್ರೊಫೆಸರರು ಸಂಕೋಚದಿಂದ ಹತ್ತಿರ ಬಂದು ಬರಹ ಏನಾದರೂ ಉಂಟಾ ಎಂದು ಕೇಳಿದರು. ಕೆಂಪು ಪುಸ್ತಕ ಕೊಟ್ಟೆ.

"ಇಷ್ಟೇಯಾ?"

"ಇಷ್ಟೇ" ಎಂದೆ.

ಅವನು ಬಹಳ ಬರೆಯುತ್ತಿದ್ದ ಎಂದು ಅವರಿಗೆ ಗೊತ್ತಿತ್ತು. ಆದರೆ ತಂಗಿ ಸುಳ್ಳು ಹೇಳುತ್ತಾಳೆ ಎಂದು ಅವರು ಎಣಿಸುವುದು ಹೇಗೆ?

ಪುಸ್ತಕ ಅಚ್ಚಾಯಿತು. ಬಿಡುಗಡೆಯ ದಿನ ನನ್ನನ್ನು ಮುಂದೆ ಕೂರಿಸಿ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರು. ಭಾಷಣ ಮಾಡಿದ ಒಬ್ಬರು, "ಇವರು ಯಾರನ್ನೂ ದೂರಲಿಲ್ಲ, ಏನನ್ನೂ ಕೇಳಲಿಲ್ಲ, ಎಲ್ಲರ ಜೊತೆ ಹೊಂದಿಕೊಂಡು ಹೋದರು" ಎಂದರು. ಜನ ಚಪ್ಪಾಳೆ ತಟ್ಟಿದರು. ವಾರ್ಡನ್ ಮೇಡಂ ಬಂದಿದ್ದರು, ಅವರೂ ತಟ್ಟಿದರು. ಅಣ್ಣ ಹತ್ತು ವರ್ಷ ನಡೆದು ಯಾವ ಜಾಗವನ್ನು ಬಿಟ್ಟು ಹೋಗಿದ್ದನೋ ಅದೇ ಜಾಗಕ್ಕೆ ಅವನನ್ನು ಎಳೆದು ತಂದು ನಿಲ್ಲಿಸಿ ಹಾರ ಹಾಕಿದ ಹಾಗಿತ್ತು. ಎಳೆದು ತಂದವಳು ನಾನು. ಶಾಲಿನ ಒಳಗೆ ನನಗೆ ಬೆವರಿತು.

ಆದರೂ ಸುಮ್ಮನಿದ್ದೆ. ಹಾಗೆಯೇ ಸುಮ್ಮನೆ ಇದ್ದುಬಿಡುತ್ತಿದ್ದೆನೋ ಏನೋ. ಒಂದು ದಿನ ಊರಿನಿಂದ ಚಿಕ್ಕಮ್ಮನ ಮಗಳ ಫೋನ್ ಬಂತು. ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮ ಮಕ್ಕಳು ಡಮಾಮಿ ಕಲಿತಿದ್ದರಂತೆ. ಹಿರಿಯರೊಬ್ಬರು ಅಣ್ಣನ ಪುಸ್ತಕ ತಂದು, ಡಮಾಮಿ ಬಿಡಬೇಕು ಎಂಬ ಸಾಲನ್ನು ಎಲ್ಲರ ಎದುರು ಓದಿ, ಕುಣಿತ ಬೇಡ ಎಂದರಂತೆ.

"ನಮ್ಮ ಅಣ್ಣನೇ ಹೀಗೆ ಬರೆದದ್ದಾ ಅಕ್ಕ?" ಎಂದು ಕೇಳಿದಳು. "ಹುಡುಗರು ಡೋಲನ್ನು ಅಟ್ಟಕ್ಕೆ ಹಾಕಿ ಬಂದ್ರು."

ಬರೆದದ್ದು ಹೌದು. ಆದರೆ ಕೊನೆಗೆ ಅವನು ಏನು ಹೇಳುತ್ತಿದ್ದ? ತಂಗಿಯಾಗಿ ನನಗೇ ಗೊತ್ತಿರಲಿಲ್ಲ. ಗೊತ್ತಿರುವವರು ಯಾರು ಎಂದು ಯೋಚನೆ ಮಾಡಿದಾಗ ನೆನಪಾದದ್ದು ಸ್ಟೇಟ್ ಬ್ಯಾಂಕ್ ಹತ್ತಿರದ ಮಾರ್ಕೆಟ್ಟಿನ ಮೀನಿನಕ್ಕ. ಅಣ್ಣ ಮಧ್ಯಾಹ್ನ ವ್ಯಾಪಾರ ಇಳಿದ ಹೊತ್ತಿಗೆ ಅವರ ಹತ್ತಿರ ಹೋಗಿ ಕೂರುತ್ತಿದ್ದ ಎಂದು ಕೇಳಿದ್ದೆ. ಮನೆಗೆ ಬಂಗುಡೆ ಮೀನು ಬರುತ್ತಿದ್ದದ್ದೂ ಅಲ್ಲಿಂದಲೇ.

ಹೋದೆ. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಗುರುತು ಸಿಕ್ಕಿತು. ಅವರು ತುಳುವಿನಲ್ಲಿ ಮಾತಾಡಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬೈಂಡಿಂಗಿನವನ ತಂಗಿ ಅಲ್ವಾ ನೀನು? ಅವನ ಪುಸ್ತಕ ಬಂತಂತೆ, ನನ್ನ ಸುದ್ದಿಯೇ ಇಲ್ಲವಂತೆ ಅದರಲ್ಲಿ! ಎಷ್ಟು ವರ್ಷ ಅವನ ಭಾಷಣ ಕೇಳಿದ್ದೇನೆ ಮಾರಾಯ್ತಿ. ನನ್ನ ಮೀನಿಗೆ ಕೂಡ ಬಾಯಿಪಾಠ ಆಗಿತ್ತು."

ನಾನು ಪಕ್ಕದಲ್ಲಿ ಕೂತೆ. ಅವನು ಏನು ಹೇಳುತ್ತಿದ್ದ ಎಂದು ಕೇಳಿದೆ. ಮೀನಿನಕ್ಕ ಕತ್ತಿ ಕೆಳಗಿಟ್ಟರು.

"ಮೊದಲು ಬರೀ ಸಿಟ್ಟು. ನಮ್ಮನ್ನು ಮಾರಿದ್ರು, ನಮ್ಮ ಬೆನ್ನು ಮುರಿದ್ರು ಅಂತ. ನನಗೂ ಕೇಳಿ ಬೇಜಾರಾಗ್ತಿತ್ತು. ಒಂದು ದಿನ ಕೇಳಿದೆ. ಅಲ್ಲ ತಮ್ಮ, ಇಷ್ಟೆಲ್ಲ ಓದಿದ್ದೀಯಲ್ಲ, ನೀನು ಓದುವಾಗ ನಿನ್ನ ಅನ್ನ ಬೇಯಿಸಿದ್ದು ಯಾರು? ಅಷ್ಟೇ ಕೇಳಿದ್ದು. ಆ ದಿನ ಮೀನು ಕೂಡ ತಗೊಳ್ಳದೆ ಹೋದ."

ಒಂದು ವಾರ ಅವನು ಆ ಕಡೆ ಬರಲಿಲ್ಲವಂತೆ. ಮತ್ತೆ ಬಂದಾಗ ಬೇರೆ ಸಮಾಚಾರ ತಂದಿದ್ದನಂತೆ. ಇಲ್ಲಿ ಓದಲು ಬಂದಿದ್ದ ಇಬ್ಬರು ಆಫ್ರಿಕಾದ ಹುಡುಗರನ್ನು ಹುಡುಕಿಕೊಂಡು ಹೋಗಿದ್ದನಂತೆ. ಅವರು ಪ್ರೀತಿಯಿಂದಲೇ ಕೂರಿಸಿ ಚಾ ಕೊಟ್ಟು, ನಿನ್ನ ಭಾಷೆ ಯಾವುದು, ನಿನ್ನ ಕುಲ ಯಾವುದು ಎಂದು ಕೇಳಿದರಂತೆ. ಅವನಿಗೆ ಹೇಳಲು ಬರಲಿಲ್ಲ. ನೀನು ಇಂಡಿಯಾದವನು ಎಂದರಂತೆ.

"ಮುಖ ಇಷ್ಟೇ ಇಷ್ಟು ಮಾಡಿಕೊಂಡು ಬಂದ. ನಾನು ನಗಾಡಿದೆ. ಅಲ್ಲಿಯವನೂ ಅಲ್ಲ ಇಲ್ಲಿಯವನೂ ಅಲ್ಲ ಅಂತ ಆದ್ರೆ ಬಾ, ಈ ಬುಟ್ಟಿಯ ಹತ್ತಿರ ಕೂತ್ಕೊ, ಇಲ್ಲಿ ಯಾರೂ ಪಾಸ್‌ಪೋರ್ಟ್ ಕೇಳುದಿಲ್ಲ ಅಂತ ಹೇಳಿದೆ. ಅವನೂ ನಗಾಡಿದ. ಆಮೇಲೆಯೇ ಹಸಿರು ಪುಸ್ತಕ ತಂದದ್ದು."

ಹಸಿರು ಪುಸ್ತಕವನ್ನು ಅವನು ಮೀನಿನಕ್ಕನಿಗೆ ಓದಿ ಹೇಳುತ್ತಿದ್ದನಂತೆ. ಅವರು ಸರಿ ಇಲ್ಲ ಎಂದ ಕಡೆ ತಿದ್ದುತ್ತಿದ್ದನಂತೆ. ಅದರಲ್ಲಿ ಏನಿತ್ತು ಎಂದು ಬಿಟ್ಟು ಬಿಟ್ಟು ಹೇಳಿದರು. ಎಲ್ಲಿಂದ ಬಂದೆವು ಎಂದು ಕೇಳಿಕೊಂಡೇ ತನ್ನ ಅರ್ಧ ಆಯುಷ್ಯ ಹೋಯಿತು, ಯಾರ ಹೆಗಲ ಮೇಲೆ ನಿಂತಿದ್ದೇನೆ ಎಂದು ಕೇಳಲೇ ಇಲ್ಲ ಎಂದಿತ್ತು. ಸಿದ್ದಿಗಳದ್ದು ಒಂದು ಅರ್ಜಿ, ಮೀನಿನವರದ್ದು ಒಂದು, ಕಸ ಗುಡಿಸುವವರದ್ದು ಒಂದು, ಹೀಗೆ ಬೇರೆ ಬೇರೆ ಸಾಲಿನಲ್ಲಿ ನಿಂತರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಹೊರೆ ಹೊತ್ತವರೆಲ್ಲ ಒಂದೇ ಸಾಲಿಗೆ ಬರಬೇಕು ಎಂದಿತ್ತು. ಅವ್ವ ನಮ್ಮನ್ನು ಬೈದ ಭಾಷೆ, ಮಲಗಿಸಿದ ಭಾಷೆ, ಅದು ಧಣಿಗಳದ್ದು ಹೇಗಾಗುತ್ತದೆ ಎಂದೂ ಇತ್ತು.

"ಡಮಾಮಿ?" ಎಂದೆ. "ಡಮಾಮಿ ಬಾರಿಸಬಾರದು ಅಂತ ಇತ್ತಾ?"

"ಅದು ಹಳೇ ಪುಸ್ತಕದ್ದು. ಹಸಿರು ಪುಸ್ತಕದಲ್ಲಿ ಅದಕ್ಕೆ ಅವನೇ ಬೈದಿದ್ದಾನೆ. ಹಾಗೆ ಬರೆದವನ ಕೈಗೆ ಎರಡು ಪೆಟ್ಟು ಕೊಡಬೇಕು ಅಂತ. ಇಲ್ಲಿ ಬುಟ್ಟಿ ಕವುಚಿ ಬಾರಿಸಿಯೂ ತೋರಿಸಿದ್ದ. ಎಷ್ಟು ಗಿರಾಕಿ ಸೇರಿದ್ರು ಗೊತ್ತುಂಟಾ ಆ ದಿನ!"

ಆಮೇಲೆ ಅವರು ನನ್ನ ಮುಖ ನೋಡಿದರು. "ನಿನ್ನ ಬಗ್ಗೆ ಬರೆದದ್ದು ಓದಲಿಲ್ಲವಾ ನೀನು?"

ನಾನು ಇಲ್ಲ ಎಂದೆ.

"ನಿನ್ನ ಸ್ಲೇಟಿನ ಕತೆ. ಅದು ತನ್ನ ಮೊದಲ ಪುಸ್ತಕ, ತಂಗಿಯ ಕೈಯಿಂದ ಕಿತ್ತುಕೊಂಡದ್ದು ಅಂತ. ಸಭೆಯಲ್ಲಿ ಓದಿದ್ದು ತಪ್ಪಾಯ್ತು ಅಂತ. ಆಮೇಲೆ ಒಂದು ಸಾಲು ಉಂಟು ನಿನ್ನ ಬಗ್ಗೆ, ಅದನ್ನು ನಾಲ್ಕು ಸಲ ತಿದ್ದಿದ. ನಾಲ್ಕನೇ ಸಲ ಸರಿಯಾಯ್ತು ಅಂತ ಒಬ್ಬನೇ ನಗಾಡಿದ. ಎಂತ ಅಂತ ನನಗೆ ನೆನಪಿಲ್ಲ ಮಾರಾಯ್ತಿ. ಪುಸ್ತಕದ ಮಾತು ನನಗೆ ಹೇಳ್ಲಿಕ್ಕೆ ಬರುದಿಲ್ಲ. ವಿಷಯ ಮಾತ್ರ ನೆನಪುಂಟು. ನೀನೇ ತೆಗೆದು ಓದು. ಎಲ್ಲುಂಟು ಆ ಹಸಿರು ಪುಸ್ತಕ?"

"ಅವನ ತಲೆಯ ಅಡಿಗೆ ಉಂಟು" ಎಂದೆ. ಮತ್ತೆ ನಡೆದದ್ದನ್ನೆಲ್ಲ ಹೇಳಿದೆ.

ಮೀನಿನಕ್ಕ ಮತ್ತೆ ಕತ್ತಿ ಎತ್ತಿಕೊಂಡರು. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ನಾಲ್ಕು ಬಂಗುಡೆ ಶುಚಿ ಮಾಡಿ, ಎಲೆಯಲ್ಲಿ ಕಟ್ಟಿ ನನ್ನ ಕೈಯಲ್ಲಿಟ್ಟರು. ಹಣ ತೆಗೆದುಕೊಳ್ಳಲಿಲ್ಲ. "ಹೋಗು" ಎಂದರು.

ನಮ್ಮ ಇಗರ್ಜಿಯ ಸ್ಮಶಾನದಲ್ಲಿ ಜಾಗ ಕಡಿಮೆ. ಕಾಯಂ ಗುಂಡಿ ಇಲ್ಲದವರ ಗುಂಡಿಯನ್ನು ಕೆಲವು ವರ್ಷ ಆದ ಮೇಲೆ ಇನ್ನೊಬ್ಬರಿಗಾಗಿ ತೆರೆಯುತ್ತಾರೆ. ಈ ವರ್ಷ ಅಣ್ಣನ ಸರದಿ ಬಂತು. ಬೇಕಾದರೆ ಮನೆಯವರು ಬರಬಹುದು ಎಂದು ಹೇಳಿ ಕಳಿಸಿದರು. ಒಂದು ಪ್ಲಾಸ್ಟಿಕ್ ಚೀಲ, ಒಣಗಿದ ಟವೆಲ್ ಹಿಡಿದುಕೊಂಡು ಹೋದೆ. ದಪ್ಪ ರಟ್ಟು, ಗಟ್ಟಿ ಹೊಲಿಗೆ, ಒಂದೆರಡು ಹಾಳೆಯಾದರೂ ಉಳಿದಿರಬಹುದು, ಆ ನಾಲ್ಕು ಸಲ ತಿದ್ದಿದ ಸಾಲು ಅದರಲ್ಲಿಯೇ ಇರಬಹುದು ಎಂದು ದಾರಿಯುದ್ದಕ್ಕೂ ಎಣಿಸಿದೆ. ಮಂಗಳೂರಿನ ಮಳೆಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹಾಳೆ ಇರಲಿಲ್ಲ. ರಟ್ಟು ಇರಲಿಲ್ಲ. ಅವ್ವನ ಕೌದಿಯ ನೂಲು ಕೂಡ ಇರಲಿಲ್ಲ, ಅದು ಹತ್ತಿಯದ್ದು. ಗುಂಡಿ ತೋಡುವವರು ಎಲುಬುಗಳನ್ನು ಒಂದು ಕಡೆ ಇಡುವಾಗ ಮಣ್ಣಿನೊಳಗಿಂದ ಏನನ್ನೋ ಎತ್ತಿ, "ಇದೆಂತ ಬಾಯಮ್ಮ, ಪ್ಲಾಸ್ಟಿಕ್ಕಾ?" ಎಂದು ಕೇಳಿದರು. ನೈಲಾನು ಅಷ್ಟು ಬೇಗ ಕೊಳೆಯುವುದಿಲ್ಲ. ರಟ್ಟಿನ ಮೂಲೆಯ ಹೂವು ಅದು, ಸೀರೆಯ ಉಳಿದ ತುಂಡುಗಳು ಮಣ್ಣಿನಲ್ಲಿ ಸಿಗಲಿಲ್ಲ. ಅಣ್ಣನ ಬೆರಳು ಮಡಚಿದ ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ಅದನ್ನೇ ಈಗ ಮುಂದೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಆ ಭಾನುವಾರ ಅವನು ಎತ್ತಿ ತೋರಿಸಿದಾಗ ನಾನು ನೋಡದೆ ಇದ್ದ ಮೂಲೆ ಇದು. ಎರಡು ಪುಸ್ತಕಗಳು ಹೋದವು. ಅವನ್ನು ಯಾರೂ ಮತ್ತೆ ಬರೆಯಲಾರರು. ನನ್ನ ನಾಲ್ಕನೇ ಕ್ಲಾಸಿನಿಂದಂತೂ ಆಗದು. ಮೀನಿನಕ್ಕ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ, ಅವರಿಗೆ ಓದಿ ಹೇಳಿ ಎರಡು ಕಡೆ ತಿದ್ದಿದ್ದೇನೆ. ಪ್ರೊಫೆಸರರೇ, ನೀವು ಅಚ್ಚು ಹಾಕಿದ್ದು ಅಣ್ಣ ಬರೆದದ್ದೇ. ಆದರೆ ಅವನು ಅಲ್ಲಿ ನಿಂತವನಲ್ಲ. ಅಷ್ಟನ್ನಾದರೂ ಅವನ ಪುಸ್ತಕದೊಳಗೆ ಹಾಕಿ. ಊರಿನ ಮಕ್ಕಳು ಡೋಲನ್ನು ಅಟ್ಟದಿಂದ ಇಳಿಸಬೇಕು.

ಇನ್ನೊಂದು ಬಾಕಿ ಉಂಟು. ಅಣ್ಣ ಕೇಳಿದ ಪ್ರಶ್ನೆಗಳಿಗೆ ಆಗ ಸರಿಯಾಗಿ ಹೇಳಿರಲಿಲ್ಲ. ಈಗ ಹೇಳುತ್ತೇನೆ. ವಾರ್ಡನ್ ಮೇಡಂ ಓದಿದರೆ ಓದಲಿ.

ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ. ನಾವು ಏಳು ಜನ ಆಯಾಗಳು. ಹುಡುಗಿಯರ ಊಟ ಆಗಿ, ಪಾತ್ರೆ ಆಗಿ, ನಾವು ಉಣ್ಣುವಾಗ ಮೂರು ಗಂಟೆ. ವಾರದ ರಜೆ ಎಂದು ಇಲ್ಲ, ಕೇಳಿ ತೆಗೆದುಕೊಳ್ಳಬೇಕು. ಒಬ್ಬಳಿಗೆ ಮಂಡಿ ನೋವು, ಇಬ್ಬರಿಗೆ ಸೊಂಟ. ಕೂತ್ಕೊಳ್ಳಲಿಕ್ಕೆ ಎಂತ ಉಂಟು ಎಂದು ಕೇಳಿದ್ದೆಯಲ್ಲ, ಕುರ್ಚಿ ಉಂಟು ಎಂದಿದ್ದೆ...

ಇಲ್ಲ ಅಣ್ಣ. ಬಟ್ಟೆ ಒಗೆಯುವ ಕಲ್ಲು ಉಂಟು. ಅದು ಒಣಗಿದ್ದರೆ ಅದರ ಮೇಲೆ ಕೂರುತ್ತೇವೆ.